ಸಮುದ್ರಕ್ಕೊಂದು ಮೊರದ ಬಾಗಿನ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ಕಾಲವೊಂದಿತ್ತು. ಈಗ ಸ್ವಲ್ಪ ಸಂಕೋಚದಿಂದ ಹೇಳುತ್ತಿದ್ದೇನೆ. ಈಜು ಬರುವುದಿಲ್ಲ ಎಂದರೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುವವರು ಸಿಗುತ್ತಾರೆ. ಇಂಗ್ಲಿಷ್ ಬರುವುದಿಲ್ಲ ಎಂದರೆ ತುಮಕೂರಿನಲ್ಲಿ ಬೀದಿಗೊಂದು ಟ್ಯೂಷನ್ ಇದೆ. ಸುಮ್ಮನೆ ಕೂರಲು ಬರುವುದಿಲ್ಲ ಎಂದರೆ ಯಾರ ಹತ್ತಿರ ಹೋಗಬೇಕು? ನಾನು ಸಮುದ್ರದ ಹತ್ತಿರ ಹೋದೆ. ಹೋಗಿದ್ದು ಒಬ್ಬನೇ, ಒಂದು ಶನಿವಾರ ಮತ್ತು ಒಂದು ಭಾನುವಾರದ ಮಟ್ಟಿಗೆ.

ತಪ್ಪು ನನ್ನೊಬ್ಬನದೇ ಅಲ್ಲ. ನಮ್ಮ ಕಡೆ ಯಾರು ಸುಮ್ಮನೆ ಕೂರುತ್ತಾರೆ ಹೇಳಿ? ಜಗಲಿಯ ಮೇಲೆ ಕೂತ ಅಜ್ಜಿ ಎಲೆಗೆ ಸುಣ್ಣ ಸವರುತ್ತಿರುತ್ತಾಳೆ. ಸೊಸೆ ಹೂವು ಕಟ್ಟುತ್ತಿರುತ್ತಾಳೆ, ಹೂವಿಲ್ಲದಿದ್ದರೆ ಮಗಳ ತಲೆಯಲ್ಲಿ ಹೇನು ಹುಡುಕುತ್ತಿರುತ್ತಾಳೆ. ಬಸ್ಸಿಗೆ ಕಾಯುವವನು ಬೀಡಿ ಸೇದುತ್ತಾನೆ. ಬೀಡಿ ಇಲ್ಲದವನು ಇನ್ನೊಬ್ಬನ ಹತ್ತಿರ ಬೀಡಿ ಕೇಳುತ್ತಾನೆ, ಅದೂ ಒಂದು ಕೆಲಸವೇ. ಅರಳಿಕಟ್ಟೆಯ ಮೇಲೆ ಬರಿಗೈಯಲ್ಲಿ ಒಬ್ಬ ಕೂತಿದ್ದ ಎಂದರೆ ದಾರಿಯಲ್ಲಿ ಹೋಗುವವರು ನಿಂತು, "ಯಾಕ್ಲಾ, ಮೈಗ್ ಹುಷಾರಿಲ್ವಾ?" ಎಂದು ವಿಚಾರಿಸುತ್ತಾರೆ. ಕೂರುವುದಕ್ಕೆ ನಮಗೊಂದು ನೆಪ ಬೇಕು. ನೆಪವಿಲ್ಲದ ಕೂರಾಟ ಕಾಯಿಲೆಯ ಲೆಕ್ಕ.

ಗುಬ್ಬಿ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೀಟು ಹೊದಿಸಿದ ಒಂದು ಕೋಣೆಯಲ್ಲಿ ನನ್ನ ಅಂಗಡಿ. ರೈತರ ಪಂಪ್‌ಸೆಟ್ಟಿನ ಮೋಟಾರು ಸುಟ್ಟುಹೋದರೆ ಗಾಡಿಯಲ್ಲಿ ಹಾಕಿಕೊಂಡು ನನ್ನ ಹತ್ತಿರ ಬರುತ್ತಾರೆ. ಅದರ ಹೊಟ್ಟೆಯಲ್ಲಿ ಕರಕಲಾದ ತಾಮ್ರದ ತಂತಿಯನ್ನೆಲ್ಲ ಕಿತ್ತು, ಹೊಸ ತಂತಿ ಸುತ್ತಿ, ಒಂದೊಂದೇ ಎಳೆಯನ್ನು ಅದರದರ ಸೀಳಿನಲ್ಲಿ ಕೂರಿಸಿ, ದಾರದಲ್ಲಿ ಬಿಗಿದು, ವಾರ್ನಿಷ್ ಕುಡಿಸಿ ಕೊಡುವುದು ನನ್ನ ಕಸುಬು. ಸ್ಕೂಲು ಬೇಗ ಬಿಟ್ಟವನು ನಾನು. ಅಪ್ಪ ಹೋದ ಮೇಲೆ ಸ್ಲೇಟು ಇಟ್ಟು ಸ್ಪ್ಯಾನರ್ ಹಿಡಿದೆ. ಅದಕ್ಕೆ ನನಗೆ ದುಃಖವಿಲ್ಲ, ಓದಿಲ್ಲ ಎಂದು ಯಾರ ಮುಂದೆಯೂ ಬೆನ್ನು ಬಗ್ಗಿಸಿದವನೂ ಅಲ್ಲ. ನಾನು ಸುತ್ತಿದ ಮೋಟಾರು ವಾಪಸ್ ಬಂದಿದೆ ಎಂದು ಗುಬ್ಬಿ ತಾಲ್ಲೂಕಿನಲ್ಲಿ ಯಾರೂ ಹೇಳಲಾರರು. ನನ್ನ ಪದವಿ, ನನ್ನ ಸರ್ಟಿಫಿಕೇಟು ಎಲ್ಲ ನನ್ನ ಬಲಗೈ.

ಆ ಬಲಗೈ ನಡುಗಲು ಶುರುವಾಯಿತು.

ದೊಡ್ಡ ನಡುಕವೇನಲ್ಲ. ದೀಪಕ್ಕೆ ಗಾಳಿ ತಾಗಿದ ಹಾಗೆ. ದಪ್ಪ ತಂತಿಯ ಕೆಲಸಕ್ಕೆ ತೊಂದರೆಯಿಲ್ಲ. ಮನೆಯ ಫ್ಯಾನು, ಸಣ್ಣ ಮೋಟಾರುಗಳ ಕೂದಲಿನಂಥ ತಂತಿ ಹಿಡಿದಾಗ ಮಾತ್ರ ಬೆರಳು ನನ್ನ ಮಾತು ಕೇಳುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಸಣ್ಣ ಕೆಲಸ ಬಂದಾಗ ಅಂಗಡಿಯ ಅರ್ಧ ಬಾಗಿಲು ಹಾಕಿ ಬೆನ್ನು ತಿರುಗಿಸಿ ಕೂರತೊಡಗಿದೆ. ಪಕ್ಕದ ಸೈಕಲ್ ಶಾಪಿನ ರಂಗಪ್ಪ ನನ್ನ ಚಡ್ಡಿ ದೋಸ್ತ್; ಅವನು, "ಏನ್ಲಾ, ಒಳ್ಗೆ ಕಳ್ಳ ನೋಟ್ ಪ್ರಿಂಟ್ ಮಾಡ್ತಾ ಇದೀಯಾ?" ಎಂದು ಕೂಗುತ್ತಿದ್ದ. ನಾನು ನಗುತ್ತಿದ್ದೆ. ಕಳ್ಳ ನೋಟಾಗಿದ್ದರೆ ಅವನಿಗೆ ಮೊದಲು ತೋರಿಸುತ್ತಿದ್ದೆ.

ದಿನಾ ಬೆಳಿಗ್ಗೆ ನನ್ನಷ್ಟಕ್ಕೆ ಒಂದು ಪರೀಕ್ಷೆ ಇಟ್ಟುಕೊಂಡಿದ್ದೆ. ನಮ್ಮನೆಯವಳು, ಜಯಮ್ಮ, ಕಾಫಿ ತಂದು ಕೊಡುತ್ತಾಳಲ್ಲ, ಆ ಲೋಟ ತುಟಿ ಮುಟ್ಟುವವರೆಗೆ ಒಂದು ಹನಿಯೂ ಚೆಲ್ಲಬಾರದು. ಚೆಲ್ಲಲಿಲ್ಲ ಎಂದರೆ ಆ ದಿನ ಪಾಸು. ವಿಚಿತ್ರವೆಂದರೆ ನಾನು ದಿನವೂ ಪಾಸಾಗುತ್ತಿದ್ದೆ. ಮನೆಯಲ್ಲಿ ಪಾಸು, ಅಂಗಡಿಯಲ್ಲಿ ಫೇಲು. ಹಾಗಾಗಿ ಇದು ಕೈಯ ರೋಗವಲ್ಲ, ಅಂಗಡಿಯ ದೋಷ ಎಂದು ಒಂದು ನಿಂಬೆಹಣ್ಣು ಮಂತ್ರಿಸಿಕೊಂಡು ತಂದು ಬಾಗಿಲಿಗೂ ಕಟ್ಟಿದೆ. ಆ ದಿನಗಳಲ್ಲಿ ಮನೆಯಲ್ಲಿ ನನಗಿದ್ದ ತಕರಾರು ಒಂದೇ: ಕಾಫಿ ಅರ್ಧ ಲೋಟಕ್ಕೆ ಇಳಿದಿತ್ತು. ಕೇಳಿದರೆ ಜಯಮ್ಮ, "ಹಸ ಬತ್ತೈತೆ ಕಣ್ರೀ, ಕರ ಹಾಕೋಗಂಟ ಇಷ್ಟೇ" ಎನ್ನುತ್ತಿದ್ದಳು. ಹಸುವಿನ ಕಷ್ಟ ಹಸುವಿಗೆ ಎಂದು ಸುಮ್ಮನಾದೆ.

ಕೊನೆಗೆ ತುಮಕೂರಿಗೆ ತಂತಿ ತರುವ ನೆಪದಲ್ಲಿ ಹೋಗಿ ಡಾಕ್ಟರಿಗೆ ಕೈ ತೋರಿಸಿದೆ. ಅವರು ವಯಸ್ಸಾದವರು. ಕೈಯನ್ನು ಆಚೆ ಈಚೆ ತಿರುಗಿಸಿ, ಬೆರಳು ಒತ್ತಿ, ಮೂಗು ಮುಟ್ಟಿಸಿ ನೋಡಿದರು.

"ದಣಿದದೆ ಕಣಪ್ಪ ಕೈಯಿ. ಎಲ್ಲಾದ್ರೂ ದೂರ ಹೋಗಿ ಎರಡ್ ದಿವ್ಸ ಸುಮ್ನೆ ಕೂತ್ಕೊ."

"ಕೂತ್ಕೊಂಡು ಏನ್ ಮಾಡ್ಬೇಕು ಸಾರ್?"

"ಸುಮ್ನೆ ಕೂತ್ಕೋಬೇಕು."

"ಅಲ್ಲ ಸಾರ್, ಕೂತ್ಕೊಂಡ್ ಮೇಲೆ?"

ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಆಮೇಲೂ ಹೋಗ್ದಿದ್ರೆ ಬಾ. ಅವಾಗ ಬೇರೆ ವಿಚಾರ ಮಾಡಣ." ಆ ಬೇರೆ ವಿಚಾರ ಏನೆಂದು ಕೇಳುವ ಧೈರ್ಯವಾಗಲಿಲ್ಲ. ಕೈ ಹೋದರೆ ನಾನು ಯಾರು ಎಂಬುದೇ ಬಸ್ಸಿನಲ್ಲಿ ಗುಬ್ಬಿ ಮುಟ್ಟುವವರೆಗೂ ತಲೆಯಲ್ಲಿ ಸುತ್ತುತ್ತಿತ್ತು.

ಎಲ್ಲಿಗೆ ಹೋಗುವುದೆಂಬುದನ್ನು ನನ್ನ ಅಂಗಡಿಯ ಕ್ಯಾಲೆಂಡರೇ ಹೇಳಿತು. ವಾರ್ನಿಷ್ ಮಾರುವವರು ಕೊಟ್ಟ ಕ್ಯಾಲೆಂಡರು. ಅದರಲ್ಲಿ ಬಾಗಿದ ಒಂದು ತೆಂಗಿನ ಮರ, ಮರಳು, ಅದರಾಚೆ ಕೊನೆಯೇ ಇಲ್ಲದ ನೀರು. ಕೆರೆಗಳು ತುಂಬಿದ್ದ ವರ್ಷ ಅದು. ನೀರು ಮೇಲಿದ್ದಾಗ ಮೋಟಾರುಗಳು ಸುಡುವುದು ಕಡಿಮೆ, ನನಗೂ ಬಿಡುವು. ಸಮುದ್ರ ನೋಡಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಯಾಕೆ ಎಂದು ಕೇಳಿದರೆ ಹೇಳಲು ಮೂರು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಜಯಮ್ಮ ಕೇಳಲೇ ಇಲ್ಲ. ನಾನೂ ಬರುತ್ತೇನೆ ಎನ್ನಲೂ ಇಲ್ಲ. "ಹಸ ಇವತ್ತೋ ನಾಳೆಯೋ ಅಂತೈತೆ. ನೀವ್ ಹೋಗ್ ಬನ್ನಿ" ಎಂದಳು. ಅಷ್ಟರಲ್ಲೇ ನನಗೆ ಅನುಮಾನ ಬರಬೇಕಿತ್ತು. ತಪ್ಪಿಸಿಕೊಂಡೆ ಎಂಬ ಖುಷಿಯಲ್ಲಿರುವವನಿಗೆ ಅನುಮಾನ ಎಲ್ಲಿಂದ ಬರಬೇಕು?

ರಂಗಪ್ಪ ಮಾತ್ರ ಬಿಡಲಿಲ್ಲ. "ಎಡ್ತಿ ಬುಟ್ಟು ಸಮುದ್ರಕ್ಕೋಯ್ತಾ ಇದೀಯಾ? ನೋಡಕ್ಕಾ, ಬೀಳಕ್ಕಾ?"

"ಗಾಳಿ ತಗೊಳ್ಳಕ್ಕೆ ಕಣ್ಲಾ."

"ಗಾಳಿ ಬೇಕಾದ್ರೆ ನಮ್ಮಂಗ್ಡೀಲಿ ಪಂಪ್ ಐತಲ್ಲೋ!"

ಹೊರಡುವ ದಿನ ಜಯಮ್ಮ ಬಟ್ಟೆಯ ಚೀಲದ ಜೊತೆ ಇನ್ನೊಂದು ಗಂಟು ತಂದಿಟ್ಟಳು. ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ, ಆಕಾರದಲ್ಲೇ ತಿಳಿಯಿತು: ಒಂದು ಮೊರದ ಮೇಲೆ ಇನ್ನೊಂದು ಮೊರ ಮುಚ್ಚಿ ಅರಿಶಿನದ ದಾರದಲ್ಲಿ ಬಿಗಿದ ಬಾಗಿನ. ಇವಳ ತವರು ಕುಣಿಗಲ್. ಅಲ್ಲಿನ ಕೆರೆ ತುಂಬಿ ಕೋಡಿ ಬಿದ್ದಾಗ ಹೆಂಗಸರು ಹೋಗಿ ನೀರಿಗೆ ಬಾಗಿನ ಕೊಡುತ್ತಾರೆ. ಮನೆಗೆ ಬಂದ ಮಗಳಿಗೆ ಕೊಡುವ ಹಾಗೆ: ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಾಚಣಿಗೆ, ರವಿಕೆ ಕಣ. ತುಂಬಿದ ನೀರನ್ನು ಬರಿಗೈಯಲ್ಲಿ ನೋಡಬಾರದು ಎನ್ನುವುದು ಇವಳ ಪಾಠ.

"ಲೇ, ಅದು ಕೆರೆಯಲ್ಲ ಕಣೇ, ಸಮುದ್ರ."

"ತುಂಬೈತೋ ಇಲ್ವೋ?"

"ಅದು ಯಾವಾಗ್ಲೂ ತುಂಬೇ ಇರ್ತದೆ."

"ಇನ್ನೇನ್ ಮತ್ತೆ! ನಮ್ ಕುಣಿಗಲ್ ಕೆರೆ ಹತ್ತಿರಕ್ಕೇ ಬರಿಗೈಲಿ ಹೋಗಲ್ಲ ನಾವು. ಅಷ್ಟು ದೊಡ್ಡಮ್ಮನ ತಾವ ಹೋಗ್ತೀರಾ?"

ಇದು ಹೆಂಗಸರು ಕೊಡುವುದು, ಗಂಡಸು ನಾನು ಹೇಗೆ ಕೊಡಲಿ ಎಂದೆ. "ನಾನ್ ಕೊಟ್ಟೆ ಅಂತ ಹೇಳಿ ಕೊಡಿ" ಎಂದಳು. ವಾದದಲ್ಲಿ ಇವಳನ್ನು ಗೆದ್ದ ದಾಖಲೆ ನನ್ನ ಹತ್ತಿರ ಇಲ್ಲ.

ಆ ಬಾಗಿನವನ್ನು ತೊಡೆಯ ಮೇಲಿಟ್ಟುಕೊಂಡು ಘಟ್ಟ ಇಳಿದವನು ಈ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು. ಕಂಡಕ್ಟರ್ ಟಾರ್ಚು ಬಿಟ್ಟು ನೋಡಿ, "ಏನ್ ಯಜಮಾನ್ರೆ, ತಂಗಿ ಮನೆಗಾ?" ಎಂದ. ಸಮುದ್ರಕ್ಕೆ ಎಂದೆ. "ಎಲ್ಲಾದ್ರೂ ಕೊಡಿ ಸ್ವಾಮಿ, ದಾರೀಲಿ ಮಾತ್ರ ಚೆಲ್ಲಬೇಡಿ" ಎಂದು ಮುಂದೆ ಹೋದ. ಚೆಲ್ಲುವ ಮಾತು ನನಗೆ ಚುಚ್ಚಿತು. ಎಡಗೈಯಲ್ಲಿ ಹಿಡಿದುಕೊಂಡೆ.

ಮಂಗಳೂರಿನಿಂದ ಇನ್ನೊಂದು ಬಸ್ಸು ಹಿಡಿದು ಇಳಿದ ಆ ಸಣ್ಣ ಕಡಲೂರಿನ ಹೆಸರನ್ನು ನಿಮಗೆ ಹೇಳುವುದಿಲ್ಲ. ಹೇಳಿದರೆ ನೀವು ಸಂಸಾರ ಸಮೇತ ಹೋಗಿ ಗದ್ದಲ ಎಬ್ಬಿಸುತ್ತೀರಿ. ಅಲ್ಲಿ ಲಾಡ್ಜು ಇರಲಿಲ್ಲ. ಇದ್ದರೂ ನನ್ನ ಜೇಬಿಗೆ ಹೊಂದುತ್ತಿರಲಿಲ್ಲ. ಮೀನು ಮಾರುವ ಕಮಲಕ್ಕ ಎಂಬ ಹೆಂಗಸು ತನ್ನ ಮನೆಯ ಹೊರಗಿನ ಕೋಣೆಯನ್ನು, ಒಂದು ಚಾಪೆಯನ್ನು, ಎರಡು ಹೊತ್ತಿನ ಕುಚ್ಚಲಕ್ಕಿ ಅನ್ನವನ್ನು ನಮ್ಮೂರಿನಲ್ಲಿ ಸೈಕಲ್ಲು ಬಾಡಿಗೆಗೆ ಕೊಡುವಷ್ಟು ಸುಲಭವಾಗಿ ಕೊಟ್ಟರು. ಐವತ್ತು ದಾಟಿದ ಗಟ್ಟಿ ಹೆಂಗಸು. ನನ್ನ ಬಾಗಿನದ ಗಂಟು ನೋಡಿ, "ಘಟ್ಟದ ಮೇಲಿನವರಾ?" ಎಂದಷ್ಟೇ ಕೇಳಿದರು. ಹೌದು ಎಂದೆ. ಅಲ್ಲಿಗೆ ನನ್ನ ಎಲ್ಲ ವಿಚಿತ್ರಕ್ಕೂ ವಿವರಣೆ ಸಿಕ್ಕಂತೆ ತಲೆಯಾಡಿಸಿದರು.

ಚೀಲ ಇಟ್ಟವನೇ ನೀರಿನ ಹತ್ತಿರ ಹೋದೆ. ಮೊದಲ ಸಲ ಸಮುದ್ರ ನೋಡಿದಾಗ ಏನನ್ನಿಸಿತು ಎಂದು ಎಲ್ಲರೂ ಕೇಳುತ್ತಾರೆ. ನನಗೆ ಏನೂ ಅನ್ನಿಸುವ ಮೊದಲೇ ಒಂದು ಎಡವಟ್ಟು ನಡೆದುಹೋಯಿತು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಮೋಟಾರು ಕೂರಿಸಿ, ಸ್ವಿಚ್ಚು ಒತ್ತಿ, ಕೊಳವೆಯಲ್ಲಿ ನೀರು ಬಂದಾಗ ಮೊದಲ ಬೊಗಸೆಯನ್ನು ಮೆಕ್ಯಾನಿಕ್ ಕುಡಿಯಬೇಕು. ಕುಡಿದು "ಸಿಹಿ ಐತೆ" ಎಂದ ಮೇಲೆಯೇ ಮನೆಯವರು ನೀರು ಮುಟ್ಟುವುದು. ವರ್ಷಗಟ್ಟಲೆ ಹೀಗೆ ಕುಡಿದ ಕೈ ನನ್ನದು. ಅಲೆ ಬಂದು ಕಾಲು ತೊಳೆದಿದ್ದೇ ತಡ, ನಾನು ಬಗ್ಗಿ, ಬೊಗಸೆ ತುಂಬಿ, ಒಂದೇ ಗುಟುಕಿಗೆ ಕುಡಿದುಬಿಟ್ಟೆ.

ಮುಂದಿನದನ್ನು ವಿವರಿಸುವುದಿಲ್ಲ. ಒಬ್ಬ ಋಷಿ ಇಡೀ ಸಮುದ್ರವನ್ನೇ ಬೊಗಸೆಯಲ್ಲಿ ಎತ್ತಿ ಕುಡಿದ ಕಥೆಯನ್ನು ಗುಬ್ಬಿಯಲ್ಲಿ ಹರಿಕಥೆ ದಾಸರೊಬ್ಬರು ಹೇಳುತ್ತಿದ್ದರು. ಆತನ ತಪಸ್ಸಿನ ಬಗ್ಗೆ ಅಂದು ನನಗೆ ಅಷ್ಟು ನಂಬಿಕೆ ಬಂದಿರಲಿಲ್ಲ. ಕೆಮ್ಮುತ್ತಾ ಮರಳಿನ ಮೇಲೆ ಕೂತಾಗ ಪೂರ್ತಿ ಬಂತು.

ಕೆಮ್ಮು ನಿಂತ ಮೇಲೆ ನೀರನ್ನು ನೋಡಿದೆ. ನಮ್ಮ ಕಡೆ ನೀರು ಕರೆಯದೆ ಬರುವುದಿಲ್ಲ. ಬಾವಿ ತೋಡಿ, ಬೋರು ಕೊರೆಸಿ, ಕರೆಂಟಿಗೆ ಕಾದು, ಮೋಟಾರಿನ ಕಾಲು ಹಿಡಿದು ಎಳೆದುಕೊಂಡು ಬರಬೇಕು. ನನ್ನ ಜೀವನವೆಲ್ಲ ನೀರನ್ನು ಕರೆಯುವುದರಲ್ಲೇ ಕಳೆದಿದೆ. ಇಲ್ಲಿ ನೋಡಿದರೆ ಅದು ಯಾರೂ ಕರೆಯದೆ ತಾನೇ ಬರುತ್ತಿದೆ, ಯಾರೂ ಬೈಯದೆ ತಾನೇ ಹೋಗುತ್ತಿದೆ. ಪಂಪ್‌ಸೆಟ್ ಮೆಕ್ಯಾನಿಕ್ಕಿಗೆ ಇಷ್ಟು ಅಪಮಾನ ಮಾಡುವ ಜಾಗ ಇನ್ನೊಂದಿಲ್ಲ.

ಸುಮ್ಮನೆ ಕೂರಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ಕೂತೆ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು, ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ. ಸ್ವಲ್ಪ ಹೊತ್ತಿಗೇ ಬಲಗೈಯನ್ನು ಮುಂದೆ ಚಾಚಿ ನೋಡಿದೆ, ನಡುಗುತ್ತಿತ್ತು. ಇನ್ನೂ ಸ್ವಲ್ಪ ಕೂತೆ. ಮತ್ತೆ ಚಾಚಿದೆ. ಔಷಧಿ ನುಂಗಿ ಗಡಿಯಾರ ನೋಡುವವನ ಹಾಗೆ ವಿಶ್ರಾಂತಿ ತೆಗೆದುಕೊಂಡು ಕೈ ನೋಡುತ್ತಿದ್ದೆ. ಆಮೇಲೆ ತಡೆಯಲಾರದೆ ಎದ್ದು ಮನೆಗೆ ಬಂದೆ. ಕಮಲಕ್ಕನ ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಕೊಬ್ಬರಿ ಎಣ್ಣೆ ಕೇಳಿ ಹಾಕಿದೆ. ಕೋಣೆಯ ಚಿಲಕ ಸಡಿಲವಿತ್ತು, ಬಿಗಿ ಮಾಡಿದೆ. ಸಂಜೆಗೆ ಅವರ ಕೋಳಿಗೂಡಿನ ಬಾಗಿಲಿಗೆ ಕೈ ಹಾಕಿದಾಗ ಅವರು ಸೊಂಟಕ್ಕೆ ಕೈಯಿಟ್ಟು ನಿಂತರು.

"ಎಂತ ಮಾರಾಯ್ರೆ, ನೀವು ಬಂದದ್ದು ಗಾಳಿಗಾ, ಕೆಲಸಕ್ಕಾ?"

"ಸುಮ್ನೆ ಕೂರಕ್ಕೆ ಬಂದಿದೀನಿ ಅಕ್ಕ."

"ಹಾಗಾದ್ರೆ ಆ ಕೋಳಿಗಳನ್ನಾದ್ರೂ ಸುಮ್ನೆ ಕೂರ್ಲಿಕ್ಕೆ ಬಿಡಿ."

ಅದೇ ಸಂಜೆ ಅವರು ಚಹಾ ಕೊಟ್ಟರು. ಗಾಜಿನ ಗ್ಲಾಸಿನ ಕಂಠದವರೆಗೆ ತುಂಬಿದ ಚಹಾ. ಹಿಡಿದೆ. ತುಟಿಗೆ ಬರುವಷ್ಟರಲ್ಲಿ ಬೆರಳ ಮೇಲೆ, ಅಂಗಿಯ ಮೇಲೆ ಚೆಲ್ಲಿತ್ತು. ಮನೆಯಲ್ಲಿ ದಿನವೂ ಪಾಸಾಗುತ್ತಿದ್ದವನು ಪರವೂರಿನಲ್ಲಿ ಫೇಲಾದೆ. ಘಟ್ಟ ಇಳಿದ ಮೇಲೆ ಕೈ ಇನ್ನೂ ಕೆಟ್ಟಿತು, ಬಂದದ್ದೇ ದಂಡ ಎಂದು ಚಾಪೆಯ ಮೇಲೆ ಮಗ್ಗುಲಾದೆ. ಆ ಗ್ಲಾಸು ಏನು ಹೇಳುತ್ತಿತ್ತು ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಜನ ಬರುವ ಮೊದಲೇ ಬಾಗಿನ ಕೊಟ್ಟು ಮುಗಿಸೋಣ ಎಂದು ಹೋದೆ. ಆಚೆ ಈಚೆ ನೋಡಿದೆ. ಪಂಚೆ ಮೇಲೆತ್ತಿ ಮೊಣಕಾಲು ನೀರಿಗಿಳಿದು, ಮೊರವನ್ನು ಎರಡೂ ಕೈಯಲ್ಲಿ ಹಿಡಿದು, "ಕುಣಿಗಲ್ ಜಯಮ್ಮ ಕೊಟ್ಟಿದ್ದು ಕಣಮ್ಮ, ತಗೊ" ಎಂದು ತೇಲಿಬಿಟ್ಟೆ. ಕೆರೆಯಲ್ಲಾದರೆ ಬಾಗಿನ ಗಂಭೀರವಾಗಿ ತೇಲುತ್ತಾ ನಡುನೀರಿಗೆ ಹೋಗುತ್ತದೆ. ಇದೂ ಅಷ್ಟು ದೂರ ಹೋಯಿತು. ನಾನು ಕೈಮುಗಿದು ತಿರುಗಿ ದಡ ಹತ್ತುವಷ್ಟರಲ್ಲಿ ಹಿಂದಿನಿಂದ ಏನೋ ಬಂದು ಮೀನಖಂಡಕ್ಕೆ ಬಡಿಯಿತು. ಬಾಗಿನ!

ಮತ್ತೆ ಬಿಟ್ಟೆ, ಮತ್ತೆ ಬಂತು. ಇನ್ನೂ ಒಳಗೆ ಹೋಗಿ, ಸೊಂಟದವರೆಗೆ ನೆನೆದು, ಕೆಲಸದವನ ಹಟದಲ್ಲಿ ದೂರಕ್ಕೆ ತಳ್ಳಿದೆ. ಒಂದು ದೊಡ್ಡ ಅಲೆ ಅದನ್ನೂ ನನ್ನನ್ನೂ ಒಟ್ಟಿಗೆ ತಂದು ಮರಳಿನ ಮೇಲೆ ಹಾಕಿತು. ಮದುವೆ ಮನೆಯಲ್ಲಿ ಮುಯ್ಯಿ ಬೇಡ ಎಂದು ವಾಪಸ್ ಜೇಬಿಗೆ ತುರುಕುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಘಟ್ಟ ಇಳಿಯುವ ಹೊಳೆಗಳನ್ನೆಲ್ಲ ನುಂಗುವ ಈ ಮಹಾತಾಯಿ ಗುಬ್ಬಿಯವನ ಎರಡು ಮೊರವನ್ನು ಬೇಡ ಎನ್ನುತ್ತಿದ್ದಾಳೆ! ಗಂಡಸು ಕೊಟ್ಟದ್ದಕ್ಕೋ, ನನ್ನ ಕೈ ಸರಿಯಿಲ್ಲವೆಂದೋ?

ಈ ಸಲ ದಾರ ಕಿತ್ತುಹೋಗಿ ಮೊರ ಬೇರೆಬೇರೆಯಾಗಿತ್ತು. ಬಳೆ, ಬಾಚಣಿಗೆ, ಬೆಲ್ಲದಚ್ಚು, ರವಿಕೆ ಕಣ ಎಲ್ಲ ಮರಳಿನ ಮೇಲೆ ಹರಡಿದ್ದವು. ಒಂದೊಂದೇ ಹೆಕ್ಕುತ್ತಿದ್ದೆ. ಬಳೆಗಳ ನಡುವೆ ಏನೋ ಮಿಂಚಿತು. ಎತ್ತಿ ನೋಡಿದರೆ ಬೆಳ್ಳಿಯ ತಗಡಿನ ಒಂದು ಪುಟ್ಟ ಕೈ.

ನಮ್ಮ ಕಡೆ ದೇವಸ್ಥಾನಗಳಲ್ಲಿ ಇಂಥವನ್ನು ಹರಕೆಗೆ ಒಪ್ಪಿಸುತ್ತಾರೆ. ಕಣ್ಣು ನೋವಿಗೆ ಬೆಳ್ಳಿಯ ಕಣ್ಣು, ಕಾಲು ನೋವಿಗೆ ಬೆಳ್ಳಿಯ ಕಾಲು. ಇದು ಕೈ. ಐದೂ ಬೆರಳು ನೆಟ್ಟಗೆ ಚಾಚಿಕೊಂಡು, ಒಂದಿಷ್ಟೂ ಅಲುಗದೆ, ನನ್ನ ಅಂಗೈಯ ಮೇಲೆ ಮಲಗಿತ್ತು. ನಡುಗುತ್ತಿದ್ದದ್ದು ಕೆಳಗಿನದು.

ನಾನು ಹಾಗೇ ಕುಕ್ಕರಿಸಿದೆ. ಮೊದಲು ಬಂದದ್ದು ಸಿಟ್ಟು, ನಿಜ ಹೇಳಬೇಕಲ್ಲ. ಅರ್ಧ ಬಾಗಿಲು ಹಾಕಿ, ಬೆನ್ನು ತಿರುಗಿಸಿ, ಕದ್ದು ಡಾಕ್ಟರಿಗೆ ತೋರಿಸಿ, ನಾನು ಇಷ್ಟು ಕಾಲ ಕಾಪಾಡಿಕೊಂಡ ಗುಟ್ಟನ್ನು ಇವಳು ಅಕ್ಕಿಬೇಳೆಯ ಜೊತೆ ಕಟ್ಟಿ ಕಳಿಸಿದ್ದಾಳೆ. ಅದನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ತಂದಿದ್ದೇನೆ! ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತ ಕಮಲಕ್ಕ ಆ ದಾರಿಯಲ್ಲೇ ಬಂದರು. ನನ್ನ ಅವತಾರ ನೋಡಿ ಬುಟ್ಟಿ ಇಳಿಸಿದರು.

"ಬಾಗಿನ ತಗೊಳ್ತಾ ಇಲ್ಲ ಅಕ್ಕ. ಎಷ್ಟ್ ಸಲ ಕೊಟ್ರೂ ವಾಪಸ್ ತಂದಾಕ್ತಾಳೆ."

ಅವರು ನಕ್ಕರು. "ಈಗ ಭರತ ಅಲ್ವಾ ಮಾರಾಯ್ರೆ, ನೀರು ಮೇಲೆ ಬರುವ ಹೊತ್ತು. ಈಗ ಎಂತ ಕೊಟ್ರೂ ವಾಪಸ್ಸೇ. ಇಳಿತ ಶುರುವಾಗ್ಲಿ, ಅದೇ ಬಂದು ತಕ್ಕೊಂಡು ಹೋಗ್ತದೆ."

"ಅಲ್ಲೀಗಂಟ ನಾನೇನ್ ಮಾಡ್ಲಿ?"

"ಎಂತ ಮಾಡ್ಲಿಕ್ಕುಂಟು? ಕೂತ್ಕೊಳ್ಳಿ."

"ಎಷ್ಟೊತ್ತು?"

"ಅದು ಸಮುದ್ರವನ್ನೇ ಕೇಳ್ಬೇಕು." ಆಮೇಲೆ ನನ್ನ ಅಂಗೈ ನೋಡಿದರು. "ಯಾರ ಕೈ ಅದು?"

"ನಂದೇ. ನಮ್ಮನೆಯವಳು ಹರಕೆ ಕಟ್ಟವಳೆ."

"ನಿಮಗೆ ಗೊತ್ತಿರ್ಲಿಲ್ವಾ?"

"ಕೈ ವಿಷ್ಯ ಗೊತ್ತಿತ್ತು ಅಕ್ಕ. ಅವಳಿಗ್ ಗೊತ್ತೈತೆ ಅನ್ನೋದು ಗೊತ್ತಿರ್ಲಿಲ್ಲ."

"ಗಂಡಸ್ರ ಕತೆ ಇಷ್ಟೇ" ಎಂದು ಬುಟ್ಟಿ ಎತ್ತಿಕೊಂಡರು. "ನಿನ್ನೆ ಚಾ ತುಂಬ ಕೊಟ್ಟದ್ದು ನನ್ನ ತಪ್ಪು. ಇವತ್ತು ಸ್ವಲ್ಪ ಕಮ್ಮಿ ಹಾಕ್ತೇನೆ" ಎಂದು ಹೇಳಿ ನಡೆದುಬಿಟ್ಟರು.

ಸ್ವಲ್ಪ ಕಮ್ಮಿ ಹಾಕ್ತೇನೆ. ಆ ಮಾತು ನನ್ನ ಮುಂದೆ ಮರಳಿನ ಮೇಲೆ ಬಂದು ಕೂತಿತು. ಅಲ್ಲಯ್ಯ, ಮನೆಯಲ್ಲಿ ಕಾಫಿ ಚೆಲ್ಲದಿರುವುದು ನನ್ನ ಕೈ ಗಟ್ಟಿಯಿದ್ದುದರಿಂದಲೋ, ಲೋಟ ಅರ್ಧವಿದ್ದುದರಿಂದಲೋ? ಹಸು ಬತ್ತಿದ್ದು ಯಾವಾಗ, ಕಾಫಿ ಇಳಿದದ್ದು ಯಾವಾಗ? ನೆನಪು ಮಾಡಿಕೊಂಡೆ. ಕಾಫಿಯೇ ಮೊದಲು ಇಳಿದಿತ್ತು. ಹಸು ಪಾಪ ಆಮೇಲೆ ಸಾಕ್ಷಿಗೆ ಬಂದದ್ದು. ಪ್ರತಿದಿನ ನಾನು ಪರೀಕ್ಷೆ ಬರೆಯುತ್ತಿದ್ದೆ. ಪ್ರತಿದಿನ ಒಬ್ಬಳು ಅಡುಗೆಮನೆಯಲ್ಲಿ ನಿಂತು ನಾನು ಪಾಸಾಗುವಷ್ಟು ಸುಲಭದ ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದಳು. ನನ್ನ ಹೆಮ್ಮೆ ಚೆಲ್ಲದಿರಲಿ ಎಂದು.

ಸಿಟ್ಟು ಯಾವಾಗ ಇಳಿಯಿತೋ ತಿಳಿಯದು. ಮೊರಗಳನ್ನು ಮತ್ತೆ ಜೋಡಿಸಿ ಪಕ್ಕದಲ್ಲಿಟ್ಟುಕೊಂಡು ಕೂತೆ. ಏಳುವ ಹಾಗಿರಲಿಲ್ಲ, ಬಾಗಿನ ಕೊಡದೆ ಊರಿಗೆ ಹೋಗುವ ಹಾಗಿಲ್ಲ, ಸಮುದ್ರ ಹೂಂ ಎನ್ನದೆ ಬಾಗಿನ ಕೊಡುವ ಹಾಗಿಲ್ಲ. ಇಲ್ಲಿ ತಿರುಗಿಸಲು ಸ್ಕ್ರೂ ಇಲ್ಲ, ಒತ್ತಲು ಸ್ವಿಚ್ಚಿಲ್ಲ, ಬೈಯಲು ಲೈನ್‌ಮನ್ ಇಲ್ಲ. ನೀರು ಬರುತ್ತಿತ್ತು, ಹೋಗುತ್ತಿತ್ತು. ಏಡಿಗಳು ಓರೆಯಾಗಿ ಓಡಿಬಂದು ನನ್ನನ್ನು ನೋಡಿ ಬಿಲಕ್ಕೆ ಇಳಿಯುತ್ತಿದ್ದವು. ದೂರದಲ್ಲಿ ಒಂದು ದೋಣಿ ಹೋಗುತ್ತಿದೆಯೋ ನಿಂತಿದೆಯೋ ಎಂದು ನೋಡುತ್ತಾ, ಅದನ್ನು ತಿಳಿದು ನನಗೇನಾಗಬೇಕು ಎಂದು ಅನ್ನಿಸಿ ಅದನ್ನೂ ಬಿಟ್ಟೆ. ಕೂರುವುದಕ್ಕೆ ನೆಪ ಬೇಕು ಎಂದೆನಲ್ಲ, ಜಯಮ್ಮ ಅದನ್ನೂ ಕಟ್ಟಿಯೇ ಕಳಿಸಿದ್ದಳು. ಬಹಳ ಹೊತ್ತಿನ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಬೆಳಿಗ್ಗೆಯಿಂದ ನಾನು ಕೈ ಚಾಚಿ ನೋಡಿಯೇ ಇರಲಿಲ್ಲ.

ಬಿಸಿಲು ಏರಿ ನೆತ್ತಿ ಕಾಯುವಷ್ಟರಲ್ಲಿ ನೀರು ದೂರವಾಗತೊಡಗಿತು. ಒದ್ದೆ ಮರಳು ಕನ್ನಡಿಯ ಹಾಗೆ ಹರಡಿಕೊಂಡಿತು. ಎದ್ದು ನಡೆದೆ. ಬೆಳ್ಳಿಯ ಕೈಯನ್ನು ಇಟ್ಟುಕೊಳ್ಳಲೇ ಎಂದು ಒಂದು ಕ್ಷಣ ಅನ್ನಿಸಿತು. ಇಲ್ಲ, ಅದು ಅವಳ ಹರಕೆ, ನನ್ನದಲ್ಲ. ಬಳೆಗಳ ನಡುವೆ ಇಟ್ಟು, ಕಿತ್ತ ದಾರವನ್ನೇ ಗಂಟು ಹಾಕಿ ಬಿಗಿದೆ. ಬೆರಳು ನಡುಗಿ ಗಂಟು ಎರಡು ಸಲ ತಪ್ಪಿತು. ತಪ್ಪಿದರೆ ತಪ್ಪಲಿ ಎಂದು ಮೂರನೆಯ ಸಲ ಹಾಕಿದೆ. ಈ ಸಲ ತಳ್ಳಲಿಲ್ಲ. ನೀರಿನ ಮೇಲೆ ಇಟ್ಟೆ ಅಷ್ಟೇ. ಒಂದು ಅಲೆ ಬಂದು ಮುಟ್ಟಿ, ಹಿಂದೆ ಹೋಗುವಾಗ ಅದನ್ನೂ ಕರೆದುಕೊಂಡು ಹೋಯಿತು, ತವರಿಗೆ ಬಂದ ಮಗಳು ಗಂಟು ಕಂಕುಳಲ್ಲಿಟ್ಟುಕೊಂಡು ಹೊರಟ ಹಾಗೆ.

ಊರು ತಲುಪಿದಾಗ ಹಸು ಕರು ಹಾಕಿತ್ತು. ಮನೆಯೆಲ್ಲ ಗಿಣ್ಣದ ವಾಸನೆ. ಜಯಮ್ಮ ಕೊಟ್ಟಿಗೆಯಿಂದಲೇ ಕೇಳಿದಳು.

"ಕೊಟ್ರಾ? ತಗೊಂಡ್ಳಾ?"

"ಮೊದ್ಲು ತಗೊಳ್ಳಿಲ್ಲ. ದಾರ ಕಿತ್ತು ಎಲ್ಲಾ ವಾಪಸ್ ತಂದು ನನ್ ಮುಂದೆ ಹರಡಿದ್ಲು."

ಕರುವಿನ ಮೈ ಒರೆಸುತ್ತಿದ್ದ ಅವಳ ಕೈ ನಿಂತಿತು. "ಎಲ್ಲಾನೂವಾ?"

"ಎಲ್ಲಾನೂ. ಒಂದೊಂದೇ ಎತ್ತಿ ನೋಡ್ದೆ. ಆಮೇಲೆ ತಗೊಂಡ್ಳು."

ಕರುವಿನ ಕಿವಿಯನ್ನು ಅಗತ್ಯಕ್ಕಿಂತ ಜಾಸ್ತಿಯೇ ಒರೆಸಿದಳು.

ಕೈ ಪೂರ್ತಿ ವಾಸಿಯಾಯಿತು ಎಂದು ಬರೆದರೆ ನಿಮಗೆ ಸಂತೋಷವಾಗಬಹುದು, ಆದರೆ ಅದು ಸುಳ್ಳು. ಸ್ವಲ್ಪ ಕಡಿಮೆಯಾಗಿದೆ, ಕೆಲವು ದಿನ ಜಾಸ್ತಿಯೂ ಆಗುತ್ತದೆ. ಬದಲಾದದ್ದು ಬೇರೆ. ಅಂಗಡಿಯ ಬಾಗಿಲು ಈಗ ಪೂರ್ತಿ ತೆರೆದಿರುತ್ತದೆ. ಸಣ್ಣ ತಂತಿಯ ಕೆಲಸ ಬಂದಾಗ ಜಯಮ್ಮ ಬರುತ್ತಾಳೆ. ಮಲ್ಲಿಗೆ ಮೊಗ್ಗನ್ನು ಮುರಿಯದ ಹಾಗೆ ಕಟ್ಟುವ ಬೆರಳಿಗೆ ತಾಮ್ರದ ಎಳೆ ಏನು ದೊಡ್ಡದು? ಮೊದಲ ದಿನ ರಂಗಪ್ಪ, "ಅಕ್ಕ, ಇವನ್ ಸಂಬಳ ಸರಿಯಾಗ್ ಕೊಡ್ತಾನಾ?" ಎಂದು ಕಿಚಾಯಿಸಿದ. "ಅವರ್ನೇ ನಾನ್ ಸಂಬಳಕ್ಕ್ ಇಟ್ಕೊಂಡಿರೋದು" ಎಂದಳು ಇವಳು. ನಾನು ಸುತ್ತಿದ ಮೋಟಾರು ವಾಪಸ್ ಬಂದಿಲ್ಲ ಎಂಬ ಹೆಮ್ಮೆ ಈಗಲೂ ಇದೆ. ನಾನು ಎನ್ನುವ ಕಡೆ ನಾವು ಎಂದು ತಿದ್ದಿಕೊಂಡಿದ್ದೇನೆ.

ಗಿಣ್ಣದ ದಿನಗಳು ಮುಗಿದು ಹಾಲು ಹಾಲಿನಂತಾದ ಬೆಳಿಗ್ಗೆ ಜಗಲಿಯ ಮೇಲೆ ಕೂತಿದ್ದೆ. ಜಯಮ್ಮ ಕಾಫಿ ತಂದಳು. ನೊರೆ ನೊರೆಯಾದ ಹೊಸ ಹಾಲಿನ ಕಾಫಿ. ಅರ್ಧ ಲೋಟ.

"ಹಾಲ್ ಈಗ ಬೇಕಾದಷ್ಟೈತಲ್ಲೇ. ತುಂಬ ಹಾಕು."

ಅವಳು ನನ್ನ ಮುಖ ನೋಡಿದಳು. "ಚೆಲ್ತದೆ ಕಣ್ರೀ."

"ಚೆಲ್ಲಲಿ ಬಿಡು."

ಒಳಗೆ ಹೋಗಿ ಪಾತ್ರೆಯನ್ನೇ ತಂದು ಕಂಠದವರೆಗೆ ತುಂಬಿದಳು. ಎತ್ತಿದೆ. ಬೆರಳ ಮೇಲೆ ಹರಿಯಿತು, ಪಂಚೆಯ ಮೇಲೆ ಬಿತ್ತು, ಬಿಸಿಗೆ ನಾನು ಹಾ ಎಂದೆ. ಉಳಿದದ್ದನ್ನು ಕುಡಿದೆ. ಅರ್ಧಕ್ಕಿಂತ ಜಾಸ್ತಿಯೇ ಉಳಿದಿತ್ತು. ಅವಳು ಸೆರಗಿನಲ್ಲಿ ಒರೆಸಲು ಬಗ್ಗಿದಳು. ಬಿಡು, ಕೂತ್ಕೊ ಎಂದೆ. ಕೂತಳು. ಹೂವಿರಲಿಲ್ಲ, ಅವರೆಕಾಯಿ ಇರಲಿಲ್ಲ, ಹೇನು ಹುಡುಕಲು ಯಾರ ತಲೆಯೂ ಇರಲಿಲ್ಲ. ಇಬ್ಬರೂ ಬರಿಗೈಯಲ್ಲಿ ಬೀದಿ ನೋಡುತ್ತಾ ಕೂತೆವು.

ರಂಗಪ್ಪ ಸೈಕಲ್ಲಿನಲ್ಲಿ ಬಂದವನು ನಮ್ಮನ್ನು ಕಂಡು ಗಾಬರಿಯಾಗಿ ಕಾಲೂರಿದ. "ಏನ್ಲಾ ಇಬ್ರೂ ಹಿಂಗ್ ಕೂತಿದೀರಾ? ಯಾರಿಗಾದ್ರೂ ಹುಷಾರಿಲ್ವಾ? ಅಂಗ್ಡಿ ತೆಗಿಯಲ್ವಾ?"

"ತೆಗಿಯಣ ಬುಡ್ಲಾ. ಇಳಿತ ಶುರುವಾಗ್ಲಿ."

ಅವನು ಆಕಾಶ ನೋಡಿದ, ಚರಂಡಿ ನೋಡಿದ, ಜಯಮ್ಮನ ಮುಖ ನೋಡಿದ, ತಲೆ ಕೆರೆದುಕೊಂಡು ಹೊರಟುಹೋದ. ಪಾಪ, ಅವನಿನ್ನೂ ಸಮುದ್ರ ನೋಡಿಲ್ಲ.